ಹುಲಿ 563, ಜನ ನಾಲ್ಕು

ಟೆನ್ಶನ್ ಇಲ್ಲ ಎನ್ನುವವರನ್ನು ನೀವು ಈಚೆಗೆ ಎಲ್ಲಾದರೂ ಕಂಡಿದ್ದೀರಾ? ಒಂದು ಕಾಲದಲ್ಲಿ ಅದು ಮಗಳ ಮದುವೆ ಗೊತ್ತುಮಾಡಿದ ಅಪ್ಪನಿಗೆ, ಆಡಿಟ್ ಹತ್ತಿರ ಬಂದ ಬ್ಯಾಂಕ್ ಮ್ಯಾನೇಜರಿಗೆ, ಮಳೆ ಕೈಕೊಟ್ಟ ವರ್ಷ ರೈತನಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆ. ಉಳಿದವರು ಸುಮ್ಮನೆ ಚಿಂತೆ ಮಾಡಿಕೊಂಡಿರಬೇಕಿತ್ತು. ಈಗ ಹಾಗಿಲ್ಲ. ಸೊಪ್ಪಿನವನಿಗೂ ಟೆನ್ಶನ್, ಸೊಪ್ಪು ಕೊಳ್ಳುವವರಿಗೂ ಟೆನ್ಶನ್. ನಮ್ಮ ಬೀದಿಯ ಯುಕೆಜಿ ಹುಡುಗಿಯೊಬ್ಬಳು ಮೊನ್ನೆ ಗೇಟಿಗೆ ಜೋತುಬಿದ್ದು, “ನಾಳೆ ಫ್ಯಾನ್ಸಿ ಡ್ರೆಸ್ ಅಂಕಲ್, ಫುಲ್ ಟೆನ್ಶನ್” ಎಂದಳು. ವೇಷ ಯಾವುದು ಎಂದೆ. ಒನಕೆ ಓಬವ್ವ ಅಂತೆ. ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬಂದಾಗ ಓಬವ್ವನಿಗೆ ಎಷ್ಟು ಟೆನ್ಶನ್ ಆಗಿತ್ತೋ ಏನೋ, ಆಕೆಯ ವೇಷ ಹಾಕುವವಳಿಗಂತೂ ರಾತ್ರಿ ಊಟ ಸೇರಿರಲಿಲ್ಲ.

ಇಂಥ ಸಂಕಟಗಳಿಗೆಲ್ಲ ಮಾರ್ಕ್ಸ್ ಹಾಕಿದ ಪುಣ್ಯಾತ್ಮರೂ ಇದ್ದಾರೆ. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು ಬದುಕಿನ 43 ಏರುಪೇರುಗಳ ಪಟ್ಟಿ ಮಾಡಿ, ಯಾವುದು ಮನುಷ್ಯನನ್ನು ಎಷ್ಟು ಅಲ್ಲಾಡಿಸುತ್ತದೆ ಎಂದು ಅಂಕ ಕೊಟ್ಟರು. ಗಂಡನೋ ಹೆಂಡತಿಯೋ ತೀರಿಕೊಂಡರೆ 100. ವಿಚ್ಛೇದನಕ್ಕೆ 73. ಮದುವೆಗೆ 50. ಮುನಿಸಿಕೊಂಡು ದೂರವಾದ ಗಂಡಹೆಂಡಿರು ರಾಜಿಯಾದರೆ 45, ಅಂದರೆ ರಾಜಿಗೂ ಮದುವೆಗೂ ಬರೀ ಐದು ಅಂಕದ ಅಂತರ. ಇದನ್ನು ಬರೆದವರಿಗೆ ಸ್ವಂತ ಅನುಭವವಿದ್ದಿರಬೇಕು. ಆಫೀಸಿನ ಸಾಹೇಬರೊಂದಿಗೆ ತಕರಾರಿಗೆ 23, ಅತ್ತೆಮಾವನ ಕಡೆಯವರೊಂದಿಗೆ ತಕರಾರಿಗೆ 29. ಸಾಹೇಬರಿಗಿಂತ ಬೀಗರು ಆರು ಅಂಕ ಮುಂದೆ. ಅಮೆರಿಕದಲ್ಲೂ! ಒಂದು ವರ್ಷದಲ್ಲಿ ಒಟ್ಟು 300 ದಾಟಿದರೆ ಕಾಯಿಲೆ ಬೀಳುವ ಸಂಭವ ಹೆಚ್ಚು ಎಂಬುದು ಅವರ ಲೆಕ್ಕ. ರಜೆ ಹಾಕಿ ಊರು ಸುತ್ತುವುದಕ್ಕೂ 13 ಅಂಕವಿದೆ, ಕ್ರಿಸ್ಮಸ್ಸಿಗೆ 12.

ಕ್ರಿಸ್ಮಸ್ಸಿಗೇ 12 ಆದರೆ ನಮ್ಮ ಗೌರಿ ಗಣೇಶಕ್ಕೆ ಎಷ್ಟು? ಗೃಹಪ್ರವೇಶದ ಬೆಳಗಿನ ಜಾವ ಮೂರನೇ ಮಹಡಿಯ ಫ್ಲ್ಯಾಟಿಗೆ ಹಸು ಹತ್ತಿಸುವುದಕ್ಕೆ ಎಷ್ಟು, ಹತ್ತಿದ ಹಸು ಇಳಿಯಲು ಒಪ್ಪದಿದ್ದರೆ ಎಷ್ಟು? ಈ ಪಟ್ಟಿಯ ಹುಳುಕನ್ನು ಆಮೇಲೆ ಬಂದವರು ತೋರಿಸಿದರು ಅನ್ನಿ. ಒಬ್ಬರನ್ನು ಮಲಗಿಸುವ ವಿಚ್ಛೇದನ ಇನ್ನೊಬ್ಬರನ್ನು ಎಬ್ಬಿಸಿ ಕೂರಿಸೀತು. ಎಲ್ಲರಿಗೂ 73 ಎಂದರೆ ಹೇಗೆ? ಆದರೆ ನನ್ನ ತಕರಾರು ಬೇರೆ. 43ರಲ್ಲಿ ಎಲ್ಲಿ ಹುಡುಕಿದರೂ ನಮ್ಮ ಮುಖ್ಯ ಬಾಬತ್ತೇ ಇಲ್ಲ: ನಾಲ್ಕು ಜನ ಏನಂದ್ಕೋತಾರೆ?

ಈ ನಾಲ್ಕು ಜನರನ್ನು ಯಾರೂ ಕಂಡವರಿಲ್ಲ. ಅವರಿಗೆ ಹೆಸರಿಲ್ಲ, ವಿಳಾಸವಿಲ್ಲ, ರೇಷನ್ ಕಾರ್ಡಿಲ್ಲ. ಆದರೂ ಮಗ ಯಾವ ಕೋರ್ಸು ತೆಗೆದುಕೊಳ್ಳಬೇಕು, ಛತ್ರ ಎಷ್ಟು ದೊಡ್ಡದಿರಬೇಕು, ಊಟಕ್ಕೆ ಎಷ್ಟು ಬಗೆ ಸಿಹಿ, ಸೊಸೆ ನೈಟಿಯಲ್ಲಿ ರಂಗೋಲಿ ಹಾಕಬಹುದೇ ಬೇಡವೇ, ಎಲ್ಲದಕ್ಕೂ ಅವರ ಒಪ್ಪಿಗೆ ಬೇಕು. ಮನೆ ಕಟ್ಟಿದರೆ “ಎಲ್ಲಿಂದ ಬಂತು ದುಡ್ಡು” ಎನ್ನುವವರು ಅವರೇ, ಕಟ್ಟದಿದ್ದರೆ “ಇನ್ನೂ ಬಾಡಿಗೆ ಮನೇನಾ” ಎನ್ನುವವರೂ ಅವರೇ.

ನಮ್ಮ ದೇಹಕ್ಕೆ ಈ ನಾಲ್ಕು ಜನರ ಪರಿಚಯವಿಲ್ಲ. ಅದಕ್ಕೆ ಗೊತ್ತಿರುವುದು ಹುಲಿ. ಹುಲಿಗೆ ಬೇಕಾದ ಏರ್ಪಾಡನ್ನು ಅದು ಎಷ್ಟು ಅಚ್ಚುಕಟ್ಟಾಗಿ ಮಾಡಿಕೊಂಡಿದೆ ಎಂದು ಮೊದಲು ಕಂಡವರು ಹಾರ್ವರ್ಡಿನ ವಾಲ್ಟರ್ ಕ್ಯಾನನ್. 1890ರ ದಶಕದ ಕೊನೆಯಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ, ಹೊಸದಾಗಿ ಬಂದಿದ್ದ ಎಕ್ಸ್‌ರೇ ಯಂತ್ರದಲ್ಲಿ ಅವರು ಬೆಕ್ಕಿನ ಹೊಟ್ಟೆ ನೋಡುತ್ತ ಕೂತಿದ್ದರು. ತಿಂದದ್ದು ಒಳಗೆ ಹೇಗೆ ಸಾಗುತ್ತದೆ ಎಂದು ತಿಳಿಯುವುದು ಉದ್ದೇಶ. ಬೆಕ್ಕು ಸಮಾಧಾನವಾಗಿದ್ದಷ್ಟು ಹೊತ್ತು ಹೊಟ್ಟೆ ಅಲೆ ಅಲೆಯಾಗಿ ಕೆಲಸ ಮಾಡುತ್ತಿತ್ತು. ಬೆಕ್ಕಿಗೆ ರೇಗಿತೋ, ಹೊಟ್ಟೆ ಗಪ್‌ಚಿಪ್. ಸಮಾಧಾನವಾದ ಮೇಲೆ ಮತ್ತೆ ಶುರು. ಊಟದ ಹೊತ್ತಿಗೆ ಮನೆಯಲ್ಲಿ ಜಗಳ ತೆಗೆಯಬೇಡಿ ಎಂದು ನಮ್ಮ ಅಜ್ಜಿಯರು ಯಾವ ಯಂತ್ರವೂ ಇಲ್ಲದೆ ಹೇಳುತ್ತಿದ್ದರು ನಿಜ, ಆದರೆ ಕ್ಯಾನನ್ ಅಲ್ಲಿಗೆ ನಿಲ್ಲಲಿಲ್ಲ. ಹೊಟ್ಟೆ ಯಾಕೆ ನಿಂತಿತು, ಆ ಹೊತ್ತಿನಲ್ಲಿ ಮೈಯ ಉಳಿದ ಭಾಗ ಏನು ಮಾಡುತ್ತಿತ್ತು ಎಂದು ಬೆನ್ನು ಹತ್ತಿ, 1915ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಹೋರಾಡು, ಇಲ್ಲವೇ ಓಡು: ಎರಡರಲ್ಲಿ ಒಂದಕ್ಕೆ ಮೈ ಸಜ್ಜಾಗುತ್ತದೆ ಎಂಬುದು ಅವರು ಕಂಡ ಸತ್ಯ.

ಏರ್ಪಾಡು ನೋಡಿ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ, ಒಂದೊಂದೂ ಸುಮಾರು ಐದು ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳಿಗೆ ನರಗಳ ಮೂಲಕ ಸುದ್ದಿ ಹೋಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಡವಗುಟ್ಟುತ್ತದೆ, ಯಾಕೆಂದರೆ ತೊಡೆಗೆ ರಕ್ತ ಬೇಕು. ಶ್ವಾಸನಾಳ ಅಗಲವಾಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಟ್ಟುಕೊಡುತ್ತದೆ. ಹುಲಿ ಪರಚಿದರೂ ಜೀವ ಹೋಗದಿರಲಿ ಎಂದು ರಕ್ತ ಬೇಗ ಹೆಪ್ಪುಗಟ್ಟುವ ವ್ಯವಸ್ಥೆಯೂ ಆಗುತ್ತದೆ. ಬಾಯಿ ಒಣಗುತ್ತದೆ, ಹುಲಿ ಎದುರಿಗಿರುವಾಗ ಜೊಲ್ಲಿಗೇನು ಕೆಲಸ? ಹೊಟ್ಟೆ ನಿಲ್ಲುತ್ತದೆ, ಉಂಡ ಮುದ್ದೆ ಅರಗಿಸುತ್ತ ಕೂರುವ ಸಮಯವೇ ಅದು? ಬದುಕಿದರೆ ಆಮೇಲೆ ಅರಗಿಸಿಕೊಳ್ಳೋಣ.

ಇಷ್ಟೆಲ್ಲ ಸರಿ. ಹುಲಿ ಎಲ್ಲಿ? 2022ರ ಗಣತಿಯ ಪ್ರಕಾರ ಇಡೀ ಕರ್ನಾಟಕಕ್ಕೆ 563 ಹುಲಿ. ಅವೂ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಅಂತ ಕಾಡಿನಲ್ಲಿ ತಮ್ಮ ಪಾಡಿಗೆ ಇವೆ. ಸಫಾರಿ ಜೀಪಿಗೆ ದುಡ್ಡು ಕೊಟ್ಟು ಬೆಳಗಿನ ಚಳಿಯಲ್ಲಿ ನಡುಗುತ್ತ ಹೋದರೂ ಅವು ಮುಖ ತೋರಿಸುವುದಿಲ್ಲ. ಆರು ಕೋಟಿ ಚಿಲ್ಲರೆ ಜನಕ್ಕೆ 563 ಹುಲಿ ಯಾವ ಮೂಲೆಗೆ? ಹುಲಿಯ ಅಭಾವವಿರುವ ಈ ನಾಡಿನಲ್ಲಿ ನಮ್ಮ ಅಡ್ರಿನಲ್ ಗ್ರಂಥಿಗಳಿಗೆ ಕೆಲಸ ಕೊಟ್ಟು ಸಾಕುತ್ತಿರುವವರು ಆ ನಾಲ್ಕು ಜನ.

ರಾತ್ರಿ ಹತ್ತೂವರೆಗೆ ಆಫೀಸಿನಿಂದ ಸಂದೇಶ ಬರುತ್ತದೆ: “ನಾಳೆ ಬಂದ ತಕ್ಷಣ ನನ್ನನ್ನು ನೋಡಿ.” ಅಷ್ಟೇ. ಹಿಂದಿಲ್ಲ, ಮುಂದಿಲ್ಲ. ದೇಹ ಕೂಡಲೇ ತೊಡೆಗೆ ರಕ್ತ ಕಳಿಸುತ್ತದೆ, ಸಕ್ಕರೆ ಬಿಡುಗಡೆ ಮಾಡುತ್ತದೆ, ಓಡಲು ಎಲ್ಲ ತಯಾರಿ ಮಾಡಿಕೊಡುತ್ತದೆ. ಎಲ್ಲಿಗೆ ಓಡುತ್ತೀರಿ? ನೀವು ಮಂಚದ ಮೇಲೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತೀರಿ. ಓಬವ್ವನ ಕೈಯಲ್ಲಿ ಒನಕೆಯಿತ್ತು. ಬಂದ ಸಕ್ಕರೆಯನ್ನೆಲ್ಲ ಆಕೆ ಆ ಕಿಂಡಿಯ ಬಳಿಯೇ ಖರ್ಚು ಮಾಡಿದಳು. ನಿಮ್ಮ ಕೈಯಲ್ಲಿರುವುದು ಫೋನು.

ಅಡ್ರಿನಲಿನ್ ಸೆಕೆಂಡಿನ ಆಟ, ಬಂದಷ್ಟೇ ಬೇಗ ಹೋಗುತ್ತದೆ. ಅದರ ಹಿಂದೆ ಬರುವ ಕಾರ್ಟಿಸಾಲ್ ಮಾತ್ರ ನಿಧಾನಸ್ಥ. ಅದರ ಬರವು ಸರ್ಕಾರಿ ಕಡತದ ದಾರಿಯಲ್ಲೇ. ಮೆದುಳಿನ ತಳದ ಹೈಪೋಥಲಾಮಸ್ ಒಂದು ಟಿಪ್ಪಣಿ ಬರೆಯುತ್ತದೆ, ಕೆಳಗಿನ ಪಿಟ್ಯುಟರಿ ಅದಕ್ಕೆ ರುಜು ಹಾಕಿ ರಕ್ತದಲ್ಲಿ ರವಾನಿಸುತ್ತದೆ, ಅಡ್ರಿನಲ್ ಗ್ರಂಥಿಯ ಹೊರಪದರ ಆದೇಶ ಜಾರಿ ಮಾಡುತ್ತದೆ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಕಾರ್ಟಿಸಾಲ್ ಶಿಖರ ಮುಟ್ಟಿರುತ್ತದೆ. ಮೂರು ಟೇಬಲ್ ದಾಟಿ ಅರ್ಧ ಗಂಟೆಯಲ್ಲಿ ಕಡತ ವಿಲೇವಾರಿಯಾಗುವ ಕಚೇರಿ ನನಗೆ ತಿಳಿದಂತೆ ಲೋಕದಲ್ಲಿ ಇದೊಂದೇ. ಇನ್ನೂ ಸೊಗಸೆಂದರೆ, ಹೊರಬಂದ ಕಾರ್ಟಿಸಾಲೇ ತಿರುಗಿ ಮೆದುಳಿಗೆ ಹೋಗಿ “ಸಾಕು, ಕಡತ ಮುಚ್ಚಿ” ಎನ್ನುತ್ತದೆ. ಮುಚ್ಚಲು ಬಿಡದವರು ನಾವು. ಸಾಹೇಬರು ಹೀಗಂದರೆ ನಾನು ಹಾಗನ್ನುತ್ತೇನೆ, ಅವರು ಹಾಗಂದರೆ ಅಂತ ರಾತ್ರಿಯಿಡೀ ಹೊಸ ಟಿಪ್ಪಣಿ ಸೇರಿಸುತ್ತ ಹೋಗುತ್ತೇವೆ. ಕಾರ್ಟಿಸಾಲನ್ನು ಬೈಯುವುದು ಈಗ ಫ್ಯಾಷನ್ನು. ಪಾಪ, ಬೆಳಗ್ಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದರಲ್ಲಿ ಅದರ ಪಾಲು ದೊಡ್ಡದು. ಎದ್ದ ಅರ್ಧ ಗಂಟೆಯಲ್ಲಿ ಅದು ದಿನದ ಎತ್ತರದಲ್ಲಿರುತ್ತದೆ. ಅದೇ ಇಲ್ಲದಿದ್ದರೆ ಮನುಷ್ಯ ಬದುಕುವುದಿಲ್ಲ.

ಒತ್ತಡ ಎಂಬ ವಿಷಯವನ್ನು ಲೋಕಕ್ಕೆಲ್ಲ ಹಂಚಿದವರು ಹ್ಯಾನ್ಸ್ ಸೆಲ್ಯೆ, ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾಲಯದವರು. ಅಂಡಾಶಯದ ಹೊಸ ಹಾರ್ಮೋನು ಸಿಕ್ಕೀತು ಎಂಬ ಆಸೆಯಿಂದ ಇಲಿಗಳಿಗೆ ಏನೇನೋ ಚುಚ್ಚಿದರು. ಇಲಿಗಳ ಅಡ್ರಿನಲ್ ಊದಿತು, ಎದೆಯ ಥೈಮಸ್ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಆಹಾ ಎಂದುಕೊಂಡರೆ, ಬೇರೆ ಏನು ಚುಚ್ಚಿದರೂ ಅದೇ ಮೂರು! ಚಳಿಯಲ್ಲಿಟ್ಟರೂ ಅದೇ, ಓಡಿಸಿ ಸುಸ್ತು ಮಾಡಿದರೂ ಅದೇ. ಸೆಲ್ಯೆ ಇಲಿ ಹಿಡಿಯುವುದರಲ್ಲಿ ಮಹಾ ಎಡವಟ್ಟು, ಕೈಯಿಂದ ಜಾರಿಸಿ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದರು ಎಂದು ಕತೆ ಹೇಳುವವರು ಹೇಳುತ್ತಾರೆ. ನಿಜವೋ ಸುಳ್ಳೋ, 1936ರಲ್ಲಿ ‘ನೇಚರ್’ ಪತ್ರಿಕೆಗೆ ಅವರು ಬರೆದ ಪುಟ್ಟ ಪತ್ರದಿಂದ ಈ ಶಾಸ್ತ್ರ ಶುರುವಾಯಿತು. ಮುಂದೆ ಅವರು ಸಿಗರೇಟು ಕಂಪನಿಗಳಿಂದ ಸಂಶೋಧನೆಗೆ ದುಡ್ಡು ತೆಗೆದುಕೊಂಡದ್ದೂ ಬಯಲಾಯಿತು. ಎದೆಗೆ ಕೆಟ್ಟದ್ದು ಸಿಗರೇಟಲ್ಲ, ಟೆನ್ಶನ್ನು ಎಂದರೆ ಆ ಕಂಪನಿಗಳಿಗೆ ಎಷ್ಟು ಹಿತ ಯೋಚಿಸಿ. ಟೀ ಅಂಗಡಿಯ ಮುಂದೆ ಹೊಗೆ ಬಿಡುತ್ತ “ಟೆನ್ಶನ್ ಜಾಸ್ತಿ ಗುರೂ, ಅದಕ್ಕೇ” ಎನ್ನುವವರಿಗೆ ಈ ಇತಿಹಾಸ ಗೊತ್ತಿರಲಾರದು.

ಇಲಿಗೆ ಸೂಜಿ, ಬೆಕ್ಕಿಗೆ ಸಿಟ್ಟು ಆಯಿತು. ಮನುಷ್ಯರಿಗೆ ಪ್ರಯೋಗಶಾಲೆಯಲ್ಲಿ ಟೆನ್ಶನ್ ಬರಿಸುವುದು ಹೇಗೆ? ಐಸ್ ನೀರಲ್ಲಿ ಕೈ ಅದ್ದಿಸಿ ನೋಡಿದರು, ಭಯಾನಕ ಸಿನಿಮಾ ತೋರಿಸಿ ನೋಡಿದರು. ಕಾರ್ಟಿಸಾಲ್ ನೆಚ್ಚುವಷ್ಟು ಏಳಲಿಲ್ಲ. ಕೊನೆಗೆ 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಸಂಗಡಿಗರು ಉಪಾಯ ಕಂಡುಹಿಡಿದರು. ಒಬ್ಬರನ್ನು ಕೋಣೆಗೆ ಕರೆಯುವುದು. ಎದುರಿಗೆ ಮೇಜಿನ ಹಿಂದೆ ಎರಡೋ ಮೂರೋ ಜನ. ಅವರು ನಗುವುದಿಲ್ಲ, ತಲೆದೂಗುವುದಿಲ್ಲ, ಗಂಟುಮುಖವನ್ನು ಅಭ್ಯಾಸ ಮಾಡಿಕೊಂಡೇ ಬಂದಿರುತ್ತಾರೆ. ಪಕ್ಕದಲ್ಲಿ ಕ್ಯಾಮೆರಾ. ನಿಮಗೆ ಈ ಕೆಲಸ ಯಾಕೆ ಕೊಡಬೇಕು, ಐದು ನಿಮಿಷ ಮಾತಾಡಿ. ಮಾತು ನಿಂತರೆ ಅವರೂ ಸುಮ್ಮನೆ ನಿಮ್ಮನ್ನೇ ನೋಡುತ್ತಾರೆ. ಅದು ಮುಗಿಯಿತು ಎನ್ನುವಷ್ಟರಲ್ಲಿ, ಈಗ 1022ರಿಂದ 13 ಕಳೆಯುತ್ತ ಬನ್ನಿ, ಬೇಗ ಬೇಗ. 1009, 996, 983... ತಪ್ಪಿತು, ಮತ್ತೆ 1022ರಿಂದ ಶುರುಮಾಡಿ.

ಕಾರ್ಟಿಸಾಲ್ ಎರಡು ಮೂರು ಪಟ್ಟು ಏರಿತು! ಸೂಜಿಯಿಲ್ಲ, ಚಾವಟಿಯಿಲ್ಲ, ಹುಲಿಯಿಲ್ಲ. ಬರೀ ಗಂಟುಮುಖದ ಜನ. ಇದನ್ನು ಓದಿದಾಗ ನನಗೆ ಟ್ರಿಯರ್‌ನವರ ಬಗ್ಗೆ ಅಯ್ಯೋ ಎನಿಸಿತು. ಇದಕ್ಕಾಗಿ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿತ್ತೇ? ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಎಂಬುದನ್ನು ಒಮ್ಮೆ ಬಂದು ನೋಡಿದ್ದರೆ ಸಾಕಿತ್ತು. ಅದೇ ಗಂಟುಮುಖ, ಅದೇ ಮೌನ. ಜರ್ಮನಿಯಲ್ಲಿ ಕೈ ಖಾಲಿ ಇರುತ್ತದೆ, ಇಲ್ಲಿ ಕಾಫಿ ತುಂಬಿದ ತಟ್ಟೆ ಬೇರೆ ಹಿಡಿದಿರಬೇಕು. “ಹಾಡು ಬರುತ್ತಾ?” ಎಂದು ಹುಡುಗನ ಸೋದರತ್ತೆ ಕೇಳುವುದು 13 ಕಳೆಯುವುದಕ್ಕಿಂತ ಕಷ್ಟ. ಅಲ್ಲಿ ಲೆಕ್ಕ ತಪ್ಪಿದರೆ 1022ರಿಂದ ಶುರು. ಇಲ್ಲಿ ತಪ್ಪಿದರೆ ಮುಂದಿನ ಭಾನುವಾರ ಬೇರೆ ಮನೆಯವರಿಂದ ಶುರು.

2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಎಂಬ ಸಂಶೋಧಕಿಯರು ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಹರವಿಕೊಂಡು ಕೂತರು. ಕೆಲಸ ಕಷ್ಟವಾಗಿದ್ದ ಮಾತ್ರಕ್ಕೆ ಕಾರ್ಟಿಸಾಲ್ ಅಷ್ಟಾಗಿ ಏಳುವುದಿಲ್ಲ ಎಂದು ಕಂಡಿತು. ಹೆಚ್ಚು ಏಳುವುದು ಎರಡು ಸಂಗತಿ ಕೂಡಿಕೊಂಡಾಗ: ಬೇರೆಯವರು ನಮ್ಮನ್ನು ತೂಗುತ್ತಿರಬೇಕು, ಏನು ಮಾಡಿದರೂ ಪರಿಸ್ಥಿತಿ ನಮ್ಮ ಕೈಗೆ ಸಿಗುತ್ತಿರಬಾರದು. ಅಂದರೆ ನಾಲ್ಕು ಜನ, ಮತ್ತು ಆ ನಾಲ್ಕು ಜನರನ್ನು ಒಪ್ಪಿಸಲಾಗದ ಸ್ಥಿತಿ. ಎಸ್ಸೆಸ್ಸೆಲ್ಸಿ ಓದುವ ಹುಡುಗನಿಗೆ ತ್ರಿಕೋನಮಿತಿ ಅಷ್ಟು ಕಾಡುವುದಿಲ್ಲ, ಫಲಿತಾಂಶದ ದಿನ ಸಂಜೆ “ಎಷ್ಟು ಬಂತಪ್ಪಾ?” ಎಂದು ಕಾಂಪೌಂಡಿನ ಆಚೆಯಿಂದ ಬರುವ ದನಿ ಕಾಡುತ್ತದೆ. ಗಂಟುಮುಖದವರ ಆ ಪರೀಕ್ಷೆಗೆ ಮತ್ತೆ ಮತ್ತೆ ನಿಲ್ಲಿಸಿದರೆ ಹೆಚ್ಚಿನವರಿಗೆ ರೂಢಿಯಾಗಿ ಕಾರ್ಟಿಸಾಲ್ ಇಳಿಯುತ್ತದೆ, ಕೆಲವರಿಗೆ ಎಷ್ಟು ಸಲವಾದರೂ ಇಳಿಯುವುದಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಮೈಕು ಬಿಡದ ಅಧ್ಯಕ್ಷರು ಯಾವ ಗುಂಪು, ವಂದನಾರ್ಪಣೆಯ ಚೀಟಿ ಹಿಡಿದು ನಡುಗುವ ಮೇಷ್ಟ್ರು ಯಾವ ಗುಂಪು ಎಂದು ಬೇರೆ ಹೇಳಬೇಕಿಲ್ಲ.

ಪರಿಸ್ಥಿತಿ ಕೈಗೆ ಸಿಗದಿರುವ ಆ ಎರಡನೆಯ ಸಂಗತಿಯ ಬಗ್ಗೆ ಒಂದು ಹಳೆಯ ಪ್ರಯೋಗವಿದೆ. ಡೇವಿಡ್ ಗ್ಲಾಸ್, ಜೆರೋಮ್ ಸಿಂಗರ್ ಎಂಬ ಇಬ್ಬರು ಜನರನ್ನು ಕೂರಿಸಿ ಕಿವಿಗೆ ಕರ್ಕಶ ಸದ್ದು ಬಿಟ್ಟರು. ಕೆಲವರಿಗೆ ಒಂದು ಗುಂಡಿ ಕೊಟ್ಟು, ತೀರಾ ತಡೆಯಲಾಗದಿದ್ದರೆ ಒತ್ತಿ, ಸದ್ದು ನಿಲ್ಲುತ್ತದೆ, ಒತ್ತದಿದ್ದರೆ ನಮಗೆ ಒಳ್ಳೆಯದು ಎಂದರು. ಹೆಚ್ಚಿನವರು ಒತ್ತಲೇ ಇಲ್ಲ. ಸದ್ದು ಎಲ್ಲರಿಗೂ ಒಂದೇ. ಆಮೇಲೆ ಕೊಟ್ಟ ಕೆಲಸದಲ್ಲಿ ಮಾತ್ರ ಗುಂಡಿ ಇದ್ದವರು ಹೆಚ್ಚು ತಾಳ್ಮೆಯಿಂದ ಕೂತರು, ಕಡಿಮೆ ತಪ್ಪು ಮಾಡಿದರು. ಕೈಗೆ ಎಟುಕುವ ಗುಂಡಿಯೊಂದು ಇದೆ ಎಂಬ ಧೈರ್ಯವೇ ಸಾಕಾಯಿತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಮುಂದೆ ಒಂದಿಂಚು ಜಾಗವಿಲ್ಲವೆಂದು ಗೊತ್ತಿದ್ದೂ ಹಾರ್ನ್ ಯಾಕೆ ಒತ್ತುತ್ತಾರೆ ಎಂಬ ನನ್ನ ಬಹುದಿನದ ಸಂಶಯ ಇದರಿಂದ ಬಗೆಹರಿಯಿತು. ಅವರ ಪಾಲಿಗೆ ಅದೇ ಆ ಗುಂಡಿ. ತೊಂದರೆ ಇಷ್ಟೇ, ಗ್ಲಾಸ್ ಸಿಂಗರರ ಗುಂಡಿ ಸದ್ದು ನಿಲ್ಲಿಸುತ್ತಿತ್ತು.

ಟೆನ್ಶನ್ನಿನ ತಲೆಗೆ ಇಲ್ಲದ ಅಪವಾದ ಕಟ್ಟುವುದೂ ಬೇಡ. ಬಹಳ ಕಾಲ ಹೊಟ್ಟೆಹುಣ್ಣಿಗೆಲ್ಲ ಅದೇ ಕಾರಣ ಎನ್ನುತ್ತಿದ್ದರು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಅದು ಬ್ಯಾಕ್ಟೀರಿಯಾದ ಕೆಲಸ ಎಂದರೆ ಯಾರೂ ನಂಬಲಿಲ್ಲ. 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ರಸವನ್ನು ತಾವೇ ಗಟಗಟ ಕುಡಿದು, ಹೊಟ್ಟೆಯ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಹಾಗೆಂದು ಟೆನ್ಶನ್ ನಿರಪರಾಧಿಯೂ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ದಂತವೈದ್ಯಕೀಯ ಓದುವ 11 ವಿದ್ಯಾರ್ಥಿಗಳ ಅಂಗುಳಿನಲ್ಲಿ ಮೂರೂವರೆ ಮಿಲಿಮೀಟರಿನ ಗಾಯ ಮಾಡಿ ನೋಡಿದರು. ಒಮ್ಮೆ ರಜೆಯಲ್ಲಿ, ಒಮ್ಮೆ ಪರೀಕ್ಷೆ ಹತ್ತಿರವಿದ್ದಾಗ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. ಬಂದ ಕಾರ್ಟಿಸಾಲ್ ಬೇಗ ಹೋಗದೆ ತಳವೂರಿದಾಗ ಮೈಯ ರಿಪೇರಿ ಖಾತೆಗೆ ಅನುದಾನ ಕಡಿತವಾಗುತ್ತದೆ. ಕೂಡಲೇ ಬೇಕಾದ ಕೆಲಸ ಮೊದಲು, ಗಾಯ, ನಿದ್ದೆ, ಮುಟ್ಟು, ಜೀರ್ಣ ಎಲ್ಲ ಆಮೇಲೆ.

ಇನ್ನು ಉಪಾಯ ಹೇಳುವವರ ಕಾಟ. “ಟೆನ್ಶನ್ ಮಾಡ್ಕೋಬೇಡಿ” ಎಂದು ಬೆನ್ನು ತಟ್ಟುವವರಿಂದ ಯಾರ ಟೆನ್ಶನ್ನೂ ಇಳಿದ ದಾಖಲೆ ನನಗೆ ಸಿಕ್ಕಿಲ್ಲ. ನಾನು ಟೆನ್ಶನ್ ಮಾಡ್ಕೊಂಡಿದ್ದು ಇವರಿಗೂ ಗೊತ್ತಾಯಿತಲ್ಲ ಎಂಬ ಇನ್ನೊಂದು ಟೆನ್ಶನ್ ಶುರುವಾಗುತ್ತದೆ. ಉಸಿರಿನ ಉಪಾಯದಲ್ಲಿ ಮಾತ್ರ ಹುರುಳಿದೆ. ಉಸಿರು ಎಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ವೇಗಸ್ ಎಂಬ ನರ ಲಗಾಮು ಎಳೆದು ನಿಧಾನ ಮಾಡುತ್ತದೆ. 2001ರಲ್ಲಿ ಇಟಲಿಯ ಲೂಸಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು 23 ಜನರಿಂದ ಕ್ರೈಸ್ತರ ಜಪಸರದ ಲ್ಯಾಟಿನ್ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು, ಎದೆಬಡಿತದ ಲಯ ಸರಿಹೋಯಿತು. ಎದೆಗೆ ಲ್ಯಾಟಿನ್ ಆದರೂ ಸೈ, ಮಂತ್ರವಾದರೂ ಸೈ. ಜಗಳವೆಲ್ಲ ಕುತ್ತಿಗೆಯಿಂದ ಮೇಲೆ. ಹರಟೆಗೆ ಬಗ್ಗದ ಸಂಕಟವಿದ್ದರೆ, ವಾರಗಟ್ಟಲೆ ನಿದ್ದೆಯಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಆ ನಾಲ್ಕು ಜನಕ್ಕೆ ಗೊತ್ತಾಗುವುದೂ ಇಲ್ಲ.

ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು ಎಂದೂ ಹೇಳುತ್ತಾರೆ. ಇದನ್ನು ಟ್ರಿಯರ್‌ನ ಅದೇ ಕಿರ್ಶ್‌ಬಾಮ್ 1995ರಲ್ಲಿ ಪರೀಕ್ಷೆಗೆ ಹಚ್ಚಿದರು. ಗಂಟುಮುಖದವರ ಮುಂದೆ ಹೋಗುವ ಮೊದಲು, ಭಾಷಣಕ್ಕೆ ತಯಾರಾಗುವ ಹತ್ತು ನಿಮಿಷ, ಕೆಲವರ ಪಕ್ಕದಲ್ಲಿ ಅವರವರ ಸಂಗಾತಿಯನ್ನು ಕೂರಿಸಿದರು. ಧೈರ್ಯ ಹೇಳಬಹುದು, ಸಲಹೆ ಕೊಡಬಹುದು. ಪಕ್ಕದಲ್ಲಿ ಪ್ರೇಯಸಿ ಕೂತಿದ್ದ ಗಂಡಸರ ಕಾರ್ಟಿಸಾಲ್ ಚೆನ್ನಾಗಿ ತಗ್ಗಿತು. ಪಕ್ಕದಲ್ಲಿ ಪ್ರಿಯಕರ ಕೂತು ಧೈರ್ಯ ಹೇಳಿದ ಹೆಂಗಸರಲ್ಲಿ ತಗ್ಗುವುದಿರಲಿ, ಏರುವ ಲಕ್ಷಣ ಕಂಡಿತು.

ಇದನ್ನು ಓದಿದ ಮಾರನೆಯ ದಿನ ಬೀಗರು ಊಟಕ್ಕೆ ಬರುವವರಿದ್ದರು. ಅಂದರೆ 29 ಅಂಕ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾಮೂಲಿಗಿಂತ ಜೋರಿತ್ತು. ನಾನು ಬಾಗಿಲಲ್ಲಿ ನಿಂತು ಈ ಪ್ರಯೋಗವನ್ನು ನಮ್ಮವಳಿಗೆ ಸವಿಸ್ತಾರವಾಗಿ ವಿವರಿಸಿದೆ.

“ಎಷ್ಟು ಹೊತ್ತು ಕೂತಿದ್ನಂತೆ ಪಕ್ಕದಲ್ಲಿ?”

“ಹತ್ತು ನಿಮಿಷ.”

“ಹತ್ತೇ ನಿಮಿಷಕ್ಕಾ?” ಎಂದು ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. “ಸರಿ, ನೀವು ಇಲ್ಲಿ ನಿಂತು ಧೈರ್ಯ ಹೇಳೋದು ಬೇಡ. ಆ ಮೊರ ತಗೊಂಡು ಹೊರಗೆ ಹೋಗಿ ಅವರೆಕಾಯಿ ಬಿಡಿಸಿ.”